ಅಮ್ಮನ ಮಂಡಿಯ ದುಡ್ಡು

ನೈರೋಬಿ, ಭಾನುವಾರ

ತೀರ್ಥರೂಪು ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ತಿಳಿಸುವುದು.

ನಿಮ್ಮ ಕಾಗದ ಗುರುವಾರ ಕೈಸೇರಿತು. ಫೋನಿನ ಮೋಸದಲ್ಲಿ ಹದಿನೆಂಟೂವರೆ ಸಾವಿರ ಹೋದದ್ದಕ್ಕಿಂತ, "ಮೂವತ್ತೊಂದು ವರ್ಷ ಮನಿಯಾರ್ಡರ್ ಹಂಚಿದವನು, ಒಂದು ರೂಪಾಯಿ ಲೆಕ್ಕ ತಪ್ಪಿರಲಿಲ್ಲ" ಎಂದು ಬರೆದಿದ್ದೀರಲ್ಲ, ಅದನ್ನು ಓದಿ ಸಂಕಟವಾಯಿತು. ಫೋನಿನಲ್ಲಿ ಈ ಮಾತು ಎತ್ತಿದರೆ ನೀವು ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ತಪ್ಪು ನನ್ನದು. ಫೋನ್ ಕೊಡಿಸಿದ ದಿನವೇ ಕೂರಿಸಿಕೊಂಡು ಹೇಳಬೇಕಿತ್ತು. ಪೆನ್ಷನ್ ಅರಿಯರ್ಸ್ ಜಮಾ ಆಗಬೇಕು, ಪಿನ್ ಒತ್ತಿ ಅಂದನಲ್ಲ ಆ ಪುಣ್ಯಾತ್ಮ, ದುಡ್ಡು ಬರುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ ಅಪ್ಪ. ಪಿನ್ ಒತ್ತುವುದೆಂದರೆ ಫಾರಂ ಬರೆದು ಕೌಂಟರಿನಲ್ಲಿ ದುಡ್ಡು ಕಟ್ಟಿದ ಹಾಗೆ. ಮನಿಯಾರ್ಡರ್ ಬಿಡಿಸಿಕೊಳ್ಳುವವನು ಫಾರಂ ಬರೆಯುತ್ತಾನೆಯೇ? ಇಷ್ಟು ನೆನಪಿದ್ದರೆ ಸಾಕು. ನಿಮ್ಮ ಹಾಗೆ ಓದಿದವರು, ಬ್ಯಾಂಕಿನಲ್ಲೇ ಕೆಲಸ ಮಾಡಿದವರು ಕೂಡ ಮೋಸ ಹೋಗಿದ್ದಾರೆ. ಇಲ್ಲೂ ಹಾಗೇ. ಹೋದ ತಿಂಗಳು ನನಗೇ ಒಂದು ಮೆಸೇಜು ಬಂತು, ನಿಮಗೆ ಮೂರು ಸಾವಿರ ಶಿಲ್ಲಿಂಗ್ ಬಂದಿದೆ ಅಂತ. ಹಿಂದೆಯೇ ಒಬ್ಬ ಫೋನ್ ಮಾಡಿ, ಕೈತಪ್ಪಿ ಬಂದುಬಿಟ್ಟಿದೆ, ವಾಪಸ್ ಕಳಿಸಿ ಎಂದು ಗೋಳಾಡಿದ. ಬ್ಯಾಲೆನ್ಸ್ ನೋಡಿದರೆ ಒಂದು ಕಾಸೂ ಬಂದಿರಲಿಲ್ಲ. ಮೆಸೇಜು ಬಂದದ್ದು ದುಡ್ಡು ಕಳಿಸುವ ಕಂಪನಿಯ ಹೆಸರಿನಲ್ಲಲ್ಲ, ಯಾರದೋ ನಂಬರಿನಿಂದ.

ಹಾಗಂತ ಫೋನನ್ನೇ ಬಿಟ್ಟುಬಿಡುತ್ತೇನೆ ಅನ್ನಬೇಡಿ. ಇಲ್ಲಿ ಫೋನಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾ 2007ರಲ್ಲೇ ಶುರುವಾಯಿತು, ನಮ್ಮ ಯುಪಿಐಗಿಂತ ಒಂಬತ್ತು ವರ್ಷ ಮುಂಚೆ. ಪೆಸಾ ಅಂದರೆ ಇವರ ಭಾಷೆಯಲ್ಲಿ ದುಡ್ಡು, ನಮ್ಮ ಪೈಸೆಯ ನೆಂಟನೇ ಇರಬೇಕು. ಅಂಗಡಿಗೆ ದುಕಾ ಅನ್ನುತ್ತಾರೆ, ವಾಹನಕ್ಕೆ ಗಾರಿ. ಹಿಂದೆ ನೈರೋಬಿಯಲ್ಲಿ ದುಡಿಯುವವರು ಹಳ್ಳಿಗೆ ದುಡ್ಡು ಕಳಿಸಬೇಕಾದರೆ ಬಸ್ಸಿನವರ ಕೈಲಿ ಕೊಡುತ್ತಿದ್ದರಂತೆ. ಈಗ ಗುಂಡಿ ಒತ್ತುವ ಹಳೇ ಫೋನಿನಲ್ಲೂ ಕಳಿಸುತ್ತಾರೆ, ಇಂಟರ್‌ನೆಟ್ ಬೇಡ. ನಮ್ಮ ಬೀದಿಯಲ್ಲಿ ಹಸಿರು ಬಣ್ಣದ ಒಂದು ಗೂಡಂಗಡಿ ಇದೆ, ಬಾಗಿಲಿಗೆ ಕಬ್ಬಿಣದ ಜಾಲರಿ. ಮೊದಲ ಸಲ ನಗದು ಬಿಡಿಸಲು ಹೋದಾಗ ಒಳಗಿದ್ದ ಹೆಂಗಸು ಪಾಸ್‌ಪೋರ್ಟ್ ಕೇಳಿದಳು. ಮೂಲೆ ಮಡಚಿದ ಉದ್ದ ಪುಸ್ತಕದಲ್ಲಿ ಹೆಸರು, ನಂಬರು, ಮೊತ್ತ ಬರೆದು, ದಾರ ಕಟ್ಟಿದ ಪೆನ್ನು ಜಾಲರಿಯಿಂದ ಆಚೆ ಚಾಚಿ, ಇಲ್ಲಿ ಸಹಿ ಹಾಕು ಅಂದಳು. ನೀವು ರಾಮಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದದ್ದೇ ಕಣ್ಣಮುಂದೆ ಬಂತು.

ಏರ್‌ಟೆಲ್‌ನವರದ್ದೂ ಒಂದಿದೆ, ನಮ್ಮ ದೇಶದವರದೇ. ಆದರೆ ತರಕಾರಿಯವಳಿಂದ ಮನೆ ಬಾಡಿಗೆಯವರೆಗೆ ಎಲ್ಲರೂ ಕೇಳುವುದು ಎಂ-ಪೆಸಾ ನಂಬರನ್ನೇ, ಹಾಗಾಗಿ ಅದನ್ನೇ ಇಟ್ಟುಕೊಂಡೆ. ನೂರು ಶಿಲ್ಲಿಂಗ್ ದಾಟಿದರೆ ಕಳಿಸುವುದಕ್ಕೆ ಚಾರ್ಜು ಹಾಕುತ್ತಾರೆ. ನಮ್ಮಲ್ಲಿ ಯುಪಿಐನಲ್ಲಿ ಒಬ್ಬರಿಗೊಬ್ಬರು ಕಳಿಸಲು ಏನೂ ಕೊಡಬೇಕಿಲ್ಲ ಅಂದರೆ ಆಫೀಸಿನವರು ಬಾಯಿ ಬಿಟ್ಟು ಕೇಳುತ್ತಾರೆ. ನನಗಂತೂ ಹೆಮ್ಮೆ ಅನ್ನಿಸುತ್ತದೆ.

ಈಗ ಮುಖ್ಯ ವಿಷಯ. ಸಂಕ್ರಾಂತಿ ಕಳೆದ ಮೇಲೆ ಅಮ್ಮನ ಮಂಡಿ ಆಪರೇಷನ್. ಆ ದುಡ್ಡು ನಿಮ್ಮ ಫೋನಿಗೆ ಸೇರಿದ ಖಾತೆಯಲ್ಲಿ ಒಂದು ದಿನವೂ ಇರಬಾರದು. ಎಂ-ಪೆಸಾದಿಂದಲೇ ಹೊರದೇಶಕ್ಕೆ ಕಳಿಸಬಹುದು, ಆದರೂ ನಾನು ಬ್ಯಾಂಕಿನಿಂದಲೇ ಅಮ್ಮನ ಎಸ್‌ಬಿ ಖಾತೆಗೆ ಹಾಕುತ್ತೇನೆ. ಚಾರ್ಜು ಜಾಸ್ತಿ, ಎರಡು ಮೂರು ದಿನ ಹಿಡಿಯುತ್ತದೆ, ಹಿಡಿಯಲಿ. ಕೈಯಲ್ಲಿ ಕಾಗದ ಇರುತ್ತದೆ. ಅಮ್ಮನ ಖಾತೆಯನ್ನು ಯಾವ ಫೋನಿನ ಆ್ಯಪಿಗೂ ಸೇರಿಸಬೇಡಿ, ಪುಟ್ಟಿ ಕೇಳಿದರೂ ಬೇಡ.

ನಿಮ್ಮ ಪೆನ್ಷನ್ ಖಾತೆಯನ್ನೂ ಫೋನಿನಿಂದ ಬಿಡಿಸಿ, ಪುಟ್ಟಿಗೆ ಗೊತ್ತು. ಅಂಚೆ ಕಚೇರಿಯಲ್ಲೇ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಹೊಸ ಖಾತೆ ತೆರೆಯಿರಿ, ನಿಮ್ಮ ಇಲಾಖೆಯದೇ. ಐದು ಸಾವಿರ ಹಾಕಿಟ್ಟು ಫೋನಿಗೆ ಅದೊಂದನ್ನೇ ಸೇರಿಸಿ. ಹಾಲು, ಔಷಧಿ, ಆಟೋಗೆ ಅಷ್ಟು ಸಾಕು. ಯುಪಿಐ ಲೈಟ್ ಅಂತ ಇದೆ, ಅದರಲ್ಲಿ 5,000ಕ್ಕಿಂತ ಹೆಚ್ಚು ಇಡಲು ಆಗುವುದಿಲ್ಲ, ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಹೋಗುತ್ತದೆ. ಅದನ್ನೂ ಯೋಚಿಸಿದೆ. ಆದರೆ ಅದರ ಹಿಂದೆ ಪೆನ್ಷನ್ ಖಾತೆ ಇದ್ದರೆ ಕಳ್ಳನಿಗೆ ಬಾಗಿಲು ತೆರೆದೇ ಇರುತ್ತದೆ. ಚಿಕ್ಕ ಖಾತೆಯೇ ವಾಸಿ.

ಇಂಥ ಮೋಸದ ದೂರು ತೆಗೆದುಕೊಳ್ಳುವ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಿರಾ? ಕಾಗದದಲ್ಲಿ ಬರೆದಿಲ್ಲ. ತಡವಾಯಿತು, ಇನ್ನೇನು ಪ್ರಯೋಜನ ಅನ್ನಬೇಡಿ. ಭಾವನನ್ನು ಕರೆದುಕೊಂಡು ಠಾಣೆಯಲ್ಲೂ ದೂರು ಕೊಡಿ, ಅದರ ನಕಲನ್ನು ಬ್ಯಾಂಕಿಗೆ ಮುಟ್ಟಿಸಿ. ಸಿಗದಿದ್ದರೂ ಚಿಂತೆಯಿಲ್ಲ. ನನಗೆ ಇಲ್ಲಿ ಯಾವ ತೊಂದರೆಯೂ ಇಲ್ಲ, ಓವರ್‌ಟೈಮ್ ಇದೆ, ಊಟ ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ, ಆಪರೇಷನ್ನಿಗೆ ಒಂದು ರೂಪಾಯಿಯೂ ಕಡಿಮೆ ಬೀಳುವುದಿಲ್ಲ, ಖಂಡಿತ. ಅಮ್ಮನಿಗೂ ಹಾಗೇ ಹೇಳಿ. ಈ ದುಡ್ಡು ಹೋದ ವಿಷಯ ಅವಳಿಗೆ ಹೇಳಿಲ್ಲ ಅಂದಿರಿ. ಹೇಳಿಬಿಡಿ ಅಪ್ಪ, ಅವಳು ಬೈಯುವುದಿಲ್ಲ.

ಇವತ್ತು ರಾತ್ರಿ ನಮ್ಮ ಕಂಪನಿಯವರೊಬ್ಬರು ಬೆಂಗಳೂರಿಗೆ ಹೊರಟಿದ್ದಾರೆ, ಅವರ ಕೈಲಿ ಕೊಟ್ಟು ಅಲ್ಲಿಂದ ಪೋಸ್ಟ್ ಮಾಡಿಸುತ್ತೇನೆ. ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ಬಿಪಿ ಮಾತ್ರೆ ತಪ್ಪಿಸಬೇಡಿ. ಅಜ್ಜಿಗೆ ನಮಸ್ಕಾರ, ಪುಟ್ಟಿಯ ಮಗುವಿಗೆ ಮುತ್ತು.

ನಿಮ್ಮ ಮಗ