ಬೀಗರೂಟಕ್ಕೆ ಬರಬೇಡ ಪುಟ್ಟಿ

ಮಂಡ್ಯ
25 ಏಪ್ರಿಲ್ 2021, ಭಾನುವಾರ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ನೀನು ಬೇಜಾರು ಮಾಡಿಕೊಂಡು ಫೋನ್ ಇಟ್ಟುಬಿಟ್ಟೆ. ಬಸ್ ಮುಷ್ಕರ ಮುಗೀತು, ಮೈಸೂರಿಂದ ಮಂಡ್ಯಕ್ಕೆ ಎಷ್ಟು ಹೊತ್ತಿನ ದಾರಿ, ಬೀಗರೂಟಕ್ಕೆ ಬಂದು ಅಜ್ಜಿನ ನೋಡಿಕೊಂಡು ಸಂಜೆಗೆ ವಾಪಸ್ ಹೋಗ್ತೀನಿ, ಅದರಲ್ಲೇನು ತಪ್ಪು ಅಂತ ಕೇಳಿದೆ. ನಾನು ಬೇಡ ಅಂದೆ. ಯಾಕೆ ಅಂತ ಹೇಳೋಕೆ ಹೋದರೆ ಗಂಟಲು ಕಟ್ಟಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ದೊಡ್ಡ ಮಾವ ಹೋಗಿ ಇನ್ನೂ ಏಳು ತಿಂಗಳು ತುಂಬಿಲ್ಲ. ಕೊರೊನಾ ಬಂದು ಹೋದರು ಅಂತ ಮಾತ್ರ ನಿನಗೆ ಗೊತ್ತು. ಎಲ್ಲಿಂದ ಬಂತು ಅಂತ ನಿಮ್ಮ ಅಮ್ಮನಿಗೂ ನಾನು ಸರಿಯಾಗಿ ಹೇಳಿಲ್ಲ. ಹೋದ ವರ್ಷ ಪಿತೃಪಕ್ಷಕ್ಕೆ ಎಡೆ ಇಡೋದಕ್ಕೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದೆವು, ಮಕ್ಕಳು ಮರಿ ಸೇರಿ 11 ಜನ. ನಾನು ಎಷ್ಟು ಜಾಗ್ರತೆ ಮಾಡಿದ್ದೆ ಗೊತ್ತಾ. ತರಕಾರಿಯನ್ನು ಉಪ್ಪು ನೀರಲ್ಲಿ ತೊಳೆದಿದ್ದೆ, ಹಾಲಿನ ಪಾಕೀಟಿಗೂ ಸೋಪು ಹಚ್ಚಿದ್ದೆ, ಬಾಗಿಲಲ್ಲೇ ಎಲ್ಲರ ಕೈಗೂ ಸ್ಯಾನಿಟೈಸರ್ ಹಾಕಿದ್ದೆ. ಆಮೇಲೆ ಒಳಗೆ ಬಂದು ಕೂತಾಗ "ನಮ್ಮವರೇ ತಾನೇ, ಇನ್ನೇನು, ಮಾಸ್ಕ್ ತೆಗೀರಿ" ಅಂದಿದ್ದು ನಾನೇ. ಎರಚಲು ಹೊಡೆಯುತ್ತೆ ಅಂತ ಕಿಟಕಿ ಮುಚ್ಚಿದ್ದೂ ನಾನೇ. ಎರಡೂವರೆ ಗಂಟೆ ಒಂದೇ ಹಾಲ್‌ನಲ್ಲಿ ಕೂತು ಉಂಡು, ಮಾತಾಡಿ, ನಕ್ಕು, ಎಲೆ ಅಡಿಕೆ ಹಾಕಿಕೊಂಡು ಎದ್ದೆವು. ಬೆಂಗಳೂರಿಂದ ಬಂದಿದ್ದ ಹುಡುಗನಿಗೆ ಅವತ್ತು ಒಂದು ಕೆಮ್ಮೂ ಇರಲಿಲ್ಲ. ಮಾರನೇ ದಿನ ಸಂಜೆ ಅವನಿಗೆ ಜ್ವರ ಬಂತು. ಒಂದು ವಾರದೊಳಗೆ ನಮ್ಮಲ್ಲಿ ಐದು ಜನ ಮಲಗಿದೆವು.

ಆ ಹುಡುಗನದ್ದು ಏನೂ ತಪ್ಪಿಲ್ಲ ಪುಟ್ಟಿ. ಈ ರೋಗದ ಗುಣವೇ ಅದು. ಮೈ ಬಿಸಿಯಾಗೋಕೆ ಎರಡು ದಿನ ಮುಂಚೆಯೇ ಅದು ಬಾಯಿ ಮೂಗಿಂದ ಹೊರಗೆ ಬೀಳೋಕೆ ಶುರುವಾಗುತ್ತೆ. ಅಂದರೆ ಯಾರಲ್ಲಿದೆ ಅಂತ ಮುಖ ನೋಡಿ ಹೇಳೋಕೆ ಆಗಲ್ಲ. ಬರುವವನಿಗೂ ಗೊತ್ತಿರಲ್ಲ, ಬಡಿಸುವವಳಿಗೂ ಗೊತ್ತಿರಲ್ಲ.

ನಾನು 31 ವರ್ಷ ಆಸ್ಪತ್ರೆ ಕೆಲಸ ಮಾಡಿದವಳು. ಟಿಬಿ ರೋಗಿಗಳ ಮನೆಗೆ ಹೋದಾಗ ಮಾತ್ರೆ ಕೊಡೋದಕ್ಕೂ ಮೊದಲು "ಕಿಟಕಿ ತೆಗೀರಿ" ಅನ್ನುತ್ತಿದ್ದೆ. ಮೈಸೂರಲ್ಲಿ ಪಿಕೆಟಿಬಿ ಆಸ್ಪತ್ರೆ ಇದೆಯಲ್ಲ, ಟಿಬಿಯಲ್ಲೇ ತೀರಿಕೊಂಡ ಅರಮನೆಯ ಕೃಷ್ಣಾಜಮ್ಮಣ್ಣಿಯವರ ಹೆಸರಲ್ಲಿ ಕಟ್ಟಿದ್ದು, ಅದಕ್ಕೆ ಸುಮಾರು ನೂರು ವರ್ಷ ಆಯಿತು. ಆಗ ಟಿಬಿಗೆ ಔಷಧಿಯೇ ಇರಲಿಲ್ಲ. ಊರಾಚೆ ಒಳ್ಳೆ ಗಾಳಿ, ಬಿಸಿಲು, ಊಟ, ಅಷ್ಟೇ ಚಿಕಿತ್ಸೆ. ಅದೆಲ್ಲ ಗೊತ್ತಿದ್ದ ನಾನೇ ನನ್ನ ಮನೆಯ ಕಿಟಕಿ ಮುಚ್ಚಿದೆ.

ನಿನಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಘಾಟು ಅಡುಗೆಮನೆಯಿಂದ ನಡುಮನೆವರೆಗೂ ಬರುತ್ತೆ, ಅಲ್ವಾ? ಒಲೆ ಆರಿಸಿದ ಮೇಲೂ ಸುಮಾರು ಹೊತ್ತು ಗಾಳಿಯಲ್ಲೇ ನಿಂತಿರುತ್ತೆ. ಕಿಟಕಿ, ಹಿತ್ತಲ ಬಾಗಿಲು ಎರಡೂ ತೆಗೆದರೆ ಮಾತ್ರ ಹೋಗುತ್ತೆ. ಈ ವೈರಸ್ಸೂ ಹಾಗೆ. ಕೆಮ್ಮಿದಾಗ ಬೀಳುವ ದೊಡ್ಡ ಹನಿ ಬೇಗ ನೆಲಕ್ಕೆ ಬೀಳುತ್ತೆ. ಮಾತಾಡುವಾಗ, ನಗುವಾಗ, ಹಾಡುವಾಗ, ಸುಮ್ನೆ ಉಸಿರು ಬಿಡುವಾಗಲೂ ಬರುವ ಸಣ್ಣ ಕಣಗಳು ಮುಚ್ಚಿದ ರೂಮಿನಲ್ಲಿ ತೇಲುತ್ತಾ ಇರುತ್ತವೆ. ಒಂದೇ ವ್ಯತ್ಯಾಸ, ಘಾಟಿನ ಹಾಗೆ ಇದಕ್ಕೆ ವಾಸನೆ ಇಲ್ಲ. ಅದಕ್ಕೇ ನಾವು ಕಣ್ಣಿಗೆ ಕಾಣೋದನ್ನೆಲ್ಲ ತೊಳೆಯುತ್ತಾ ಕೂತಿರುತ್ತೇವೆ.

ಕೈ ತೊಳೀಬೇಡ ಅಂತಲ್ಲ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ತೊಳೆ, ವೈರಸ್ಸಿನ ಮೈಮೇಲಿರೋ ಜಿಡ್ಡಿನ ಪದರ ಸೋಪಿಗೆ ಕರಗಿಹೋಗುತ್ತೆ. ನೀರು ಸಿಗದ ಕಡೆ ಸ್ಯಾನಿಟೈಸರ್ ಸಾಕು, ಅದರಲ್ಲಿ ಶೇ. 60ಕ್ಕಿಂತ ಜಾಸ್ತಿ ಆಲ್ಕೋಹಾಲ್ ಇರಬೇಕು. ಅದು ಹಚ್ಚಿಕೊಂಡ ಕೈಯಲ್ಲಿ ದೀಪ, ಗ್ಯಾಸ್ ಹಚ್ಚಬೇಡ, ಪೂರ್ತಿ ಒಣಗಲಿ.

ಈಗ ನಿನ್ನ ಮೆಡಿಕಲ್ ಸ್ಟೋರ್ ವಿಷಯ. ಊರಿಗೆಲ್ಲ ಕರ್ಫ್ಯೂ ಇದ್ದರೂ ನಿಮ್ಮ ಅಂಗಡಿ ತೆಗೆದಿರಲೇಬೇಕು, ಅದು ನನಗೆ ಗೊತ್ತು. ಬರುವವರಲ್ಲಿ ಅರ್ಧ ಜನ ಜ್ವರ ಕೆಮ್ಮಿನವರೇ. ಅವರು ಮಾಸ್ಕ್ ಗಲ್ಲಕ್ಕೆ ಎಳೆದುಕೊಂಡು ಮಾತ್ರೆ ಹೆಸರು ಹೇಳ್ತಾರೆ ಅಂದೆಯಲ್ಲ, ಆಗ ಸಂಕೋಚ ಮಾಡಬೇಡ. "ಅಣ್ಣಾ, ಚೀಟಿ ತೋರಿಸಿ ಸಾಕು, ಮಾಸ್ಕ್ ಮೇಲಕ್ಕೆ ಹಾಕ್ಕೊಳ್ಳಿ" ಅನ್ನು. ಬಟ್ಟೆ ಮಾಸ್ಕ್ ಒಂದನ್ನೇ ನಂಬಿಕೊಂಡು ಕೌಂಟರ್‌ನಲ್ಲಿ ನಿಲ್ಲಬೇಡ, ಎನ್-95 ಹಾಕು, ಮುಂದೆ ಗುಂಡಿ ಥರ ವಾಲ್ವ್ ಇಲ್ಲದ್ದು. ವಾಲ್ವ್ ಇದ್ದರೆ ನಿನ್ನ ಉಸಿರು ಸೋಸದೆ ಹಾಗೇ ಹೊರಗೆ ಹೋಗುತ್ತೆ. ಮೂಗಿನ ಮೇಲಿನ ತಂತಿಯನ್ನು ಎರಡು ಬೆರಳಲ್ಲಿ ಒತ್ತಿ ಕೂರಿಸು. ನಿನ್ನ ಕನ್ನಡಕ ಮಂಜಾಗುತ್ತಿದ್ದರೆ ಮೇಲಿಂದ ಗಾಳಿ ಸೋರುತ್ತಿದೆ ಅಂತ ಅರ್ಥ. ಎನ್-95 ಇಲ್ಲದ ದಿನ ಸರ್ಜಿಕಲ್ ಮಾಸ್ಕ್ ಮೇಲೆ ಬಟ್ಟೆ ಮಾಸ್ಕ್ ಬಿಗಿಯಾಗಿ ಹಾಕು.

ನನಗೆ ಕೌಂಟರ್‌ಗಿಂತ ಜಾಸ್ತಿ ಭಯ ಇರೋದು ನಿಮ್ಮ ಮಧ್ಯಾಹ್ನದ ಊಟದ ಬಗ್ಗೆ. ಹಿಂದಿನ ಸ್ಟಾಕ್ ರೂಮಿನಲ್ಲಿ ನಾಲ್ಕು ಜನ ಸುತ್ತ ಕೂತು ಡಬ್ಬಿ ಹಂಚಿಕೊಂಡು ತಿನ್ನುತ್ತೇವೆ ಅಂತ ಖುಷಿಯಾಗಿ ಹೇಳಿದ್ದೆ. ಆ ರೂಮಿಗೆ ಕಿಟಕಿಯೂ ಇಲ್ಲ. ಬೆಳಗ್ಗೆಯಿಂದ ಹುಷಾರಾಗಿದ್ದವರು ನಾಲ್ವರೂ ಅಲ್ಲಿ ಒಟ್ಟಿಗೆ ಮಾಸ್ಕ್ ತೆಗೆದರೆ ಅಷ್ಟು ಹೊತ್ತಿನ ಶ್ರಮ ಎಲ್ಲಿ ಹೋಯಿತು? ಒಬ್ಬೊಬ್ಬರಾಗಿ ಉಣ್ಣಿ. ಆಗಲ್ಲ ಅಂದರೆ ಅಂಗಡಿ ಹಿಂದಿನ ಮೆಟ್ಟಿಲ ಮೇಲೆ ಬಯಲಲ್ಲಿ ದೂರ ದೂರ ಕೂತು ಉಣ್ಣಿ, ಮಾತು ಆಮೇಲೆ ಆಡಬಹುದು. ಟೇಬಲ್ ಫ್ಯಾನ್ ಇದ್ದರೆ ಬಾಗಿಲ ಹತ್ತಿರ ಇಟ್ಟು ಹೊರಗಡೆಗೆ ಮುಖ ಮಾಡು, ಒಳಗಿನ ಗಾಳಿ ಆಚೆ ಹೋಗಲಿ. ಸ್ನೇಹಿತೆಯರು ಬೇಜಾರು ಮಾಡಿಕೊಂಡರೆ "ನಮ್ಮ ದೊಡ್ಡಮ್ಮ ಬೈತಾರೆ" ಅಂತ ನನ್ನ ಮೇಲೆ ಹಾಕು.

ಶುಂಠಿ ಮೆಣಸಿನ ಕಷಾಯ ಕುಡಿ, ಗಂಟಲಿಗೆ ಹಿತವಾಗಿರುತ್ತೆ. ಅದು ರೋಗ ತಡೆಯುತ್ತೆ ಅಂತ ಧೈರ್ಯ ಮಾಡಿ ಗುಂಪಿಗೆ ಹೋಗಬೇಡ. ಹಬೆ ತಗೊಳ್ಳೋಕೆ ಹೋಗಿ ಕುದಿಯುವ ನೀರು ತೊಡೆ ಮೇಲೆ ಚೆಲ್ಲಿಕೊಂಡವರನ್ನು ನಾನು ನೋಡಿದ್ದೇನೆ. ಆಂಟಿಬಯಾಟಿಕ್ ವೈರಸ್ಸನ್ನು ಕೊಲ್ಲಲ್ಲ. ಸ್ಟೀರಾಯ್ಡ್ ಮಾತ್ರೆಯಂತೂ ಡಾಕ್ಟರ್ ಚೀಟಿ ಇಲ್ಲದೆ ನೀನೂ ನುಂಗಬೇಡ, ಬೇರೆಯವರಿಗೂ ಕೊಡಬೇಡ. ಆಮ್ಲಜನಕ ಬೇಕಾಗುವಷ್ಟು ಕಾಯಿಲೆ ಆದವರಿಗೆ ಅದು ಜೀವ ಉಳಿಸುತ್ತೆ, ಉಳಿದವರಿಗೆ ಕೆಡುಕೇ ಮಾಡಬಹುದು.

ಗಂಟಲು ಕೆರೆತ, ಮೈಕೈ ನೋವು, ಜ್ವರ, ರುಚಿ ವಾಸನೆ ಹೋಗೋದು, ಯಾವುದಾದರೂ ಒಂದು ಶುರುವಾದರೆ ಅವತ್ತೇ ಬೇರೆ ಮಲಗು. "ಬಿಸಿಲಿಗೆ ತಲೆನೋವು" ಅಂತ ಎರಡು ದಿನ ತಳ್ಳಬೇಡ. ಟೆಸ್ಟ್ ಮಾಡಿಸು. ಮೊದಲ ಟೆಸ್ಟ್ ನೆಗೆಟಿವ್ ಬಂದರೂ ಲಕ್ಷಣ ಇದ್ದರೆ ನಂಬಿ ತಿರುಗಾಡಬೇಡ. ಬೆರಳಿಗೆ ಹಾಕೋ ಆಕ್ಸಿಮೀಟರ್‌ನಲ್ಲಿ ರಕ್ತದಲ್ಲಿ ಆಮ್ಲಜನಕ ಶೇ. ಎಷ್ಟಿದೆ ಅಂತ ದಿನಕ್ಕೆ ಮೂರು ನಾಲ್ಕು ಸಲ ನೋಡಿಕೋ, ಉಗುರು ಬಣ್ಣ ಅಳಿಸಿ, ಕೈ ಬೆಚ್ಚಗಿದ್ದಾಗ. 94ಕ್ಕಿಂತ ಕೆಳಗೆ ಬಂದರೆ ಕಾಯಬೇಡ. ಸಲಹೆಗೆ 104, ಆಂಬುಲೆನ್ಸ್‌ಗೆ 108. ಗಾಡಿ ಬರುವವರೆಗೆ ಬೋರಲು ಮಲಗು, ಉಸಿರಿಗೆ ಅನುಕೂಲ. ನಿನ್ನ ಮಾವ ಚೆನ್ನಾಗೇ ಮಾತಾಡುತ್ತಿದ್ದರು, ಪೇಪರ್ ಓದುತ್ತಿದ್ದರು, "ನನಗೇನೂ ಆಗಿಲ್ಲ, ಸುಸ್ತು ಅಷ್ಟೇ" ಅನ್ನುತ್ತಿದ್ದರು. ಪಕ್ಕದ ಮನೆಯವರಿಂದ ಆಕ್ಸಿಮೀಟರ್ ತಂದು ಬೆರಳಿಗೆ ಹಾಕಿದಾಗ 86 ಇತ್ತು. ಸಕ್ಕರೆ ಕಾಯಿಲೆ ಬೇರೆ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಕೊನೆಗೆ ಮುಖ ದೂರದಿಂದ ತೋರಿಸಿದರು.

ಲಸಿಕೆ ವಿಷಯ ಮರೀಬೇಡ. ಮೇ 1ರಿಂದ 18 ದಾಟಿದವರಿಗೆಲ್ಲ ಅಂತ ಹೇಳಿದ್ದಾರೆ, ಏಪ್ರಿಲ್ 28ರಿಂದ ಸರ್ಕಾರದ ಕೋವಿನ್ ವೆಬ್‌ಸೈಟ್‌ನಲ್ಲಿ ಹೆಸರು ಹಾಕಬಹುದು. ನಾನು, ಅಜ್ಜಿ ಮಾರ್ಚ್‌ನಲ್ಲಿ ಮೊದಲ ಡೋಸ್ ಹಾಕಿಸಿಕೊಂಡೆವು. ನನಗೆ ಒಂದು ದಿನ ಜ್ವರ, ಮೈಕೈ ನೋವು, ಅಜ್ಜಿಗೆ ಅದೂ ಇಲ್ಲ. ಹಾಕಿಸಿಕೊಂಡರೂ ಮಾಸ್ಕ್ ಬಿಡೋ ಹಾಗಿಲ್ಲ. ರೋಗ ಬಂದರೂ ಜೋರಾಗದ ಹಾಗೆ ತಡೆಯೋದು ಅದರ ದೊಡ್ಡ ಕೆಲಸ.

ಇನ್ನು ಬೀಗರೂಟ. 50 ಜನ ಅಂತ ಮಿತಿ ಇದೆ, ನಮ್ಮ ಕಡೆ ಬೀಗರೂಟ 50 ಜನಕ್ಕೆ ನಿಲ್ಲುತ್ತಾ ಹೇಳು. ಸಾಲು ಪಂಕ್ತಿ, ಶಾಮಿಯಾನದ ಮೂರು ಕಡೆ ಬಟ್ಟೆ, ಎಲ್ಲರೂ ಬಾಯಿ ತೆಗೆದು ಉಣ್ಣೋರೇ. ನಾನು ಹೋಗುತ್ತಿಲ್ಲ, ಅಜ್ಜಿಯನ್ನೂ ಕಳಿಸುತ್ತಿಲ್ಲ. ಹುಡುಗಿಯ ಅಪ್ಪನಿಗೆ ಫೋನ್ ಮಾಡಿ ಮುಯ್ಯಿ ಆಮೇಲೆ ಕಳಿಸ್ತೀನಿ ಅಂತ ಹೇಳಿದೆ. ಅವರಿಗೆ ಕೋಪ ಬಂದಿದೆ, ಬರಲಿ. ನಿನ್ನ ಪರವಾಗಿಯೂ ನಾನೇ ಹೇಳಿದ್ದೇನೆ.

ಅಜ್ಜಿನ ನೋಡಬೇಕು ಅನ್ನೋ ನಿನ್ನ ಆಸೆ ನನಗೆ ಅರ್ಥ ಆಗುತ್ತೆ. 84 ವರ್ಷ ಅವರಿಗೆ, ದಿನಾ ನಿನ್ನ ಹೆಸರು ಹಿಡಿದು ಕೇಳ್ತಾರೆ. ಈ ಅಲೆ ಇಳಿದ ಮೇಲೆ ಬಾ. ಬರುವ ಮುಂಚೆ ಎರಡು ವಾರ ನಿನಗೆ ಏನೂ ಲಕ್ಷಣ ಇರಬಾರದು. ಬಂದರೂ ಒಳಗೆ ಬೇಡ, ಅಂಗಳದ ಹೊಂಗೆ ಮರದಡಿ ಎರಡು ಕುರ್ಚಿ ಹಾಕಿಸ್ತೀನಿ, ನೀನೂ ಅಜ್ಜಿಯೂ ಮಾಸ್ಕ್ ಹಾಕ್ಕೊಂಡು ಎಷ್ಟು ಹೊತ್ತು ಬೇಕಾದರೂ ಮಾತಾಡಿ. ಅಲ್ಲಿವರೆಗೆ ರಾತ್ರಿ ಎಂಟಕ್ಕೆ ವಿಡಿಯೋ ಕಾಲ್ ಮಾಡು. ಅವರಿಗೆ ಕಿವಿ ಮಂದ, ಫೋನ್ ಹತ್ತಿರ ಹಿಡಿದು ಮಾತಾಡು.

ಈ ಪತ್ರದ ಜೊತೆ ರಾಗಿ ಹಿಟ್ಟು, ಹುರಿಗಾಳು, ಹಪ್ಪಳ ಕಳಿಸಿದ್ದೇನೆ. ಐದು ಎನ್-95 ಮಾಸ್ಕ್ ಇವೆ, ಐದು ಕಾಗದದ ಕವರ್ ಇವೆ, ಒಂದೊಂದರ ಮೇಲೂ ವಾರದ ಹೆಸರು ಬರೆದಿದ್ದೇನೆ. ಹಾಕಿದ ಮಾಸ್ಕ್ ಅದೇ ಕವರ್‌ನಲ್ಲಿಟ್ಟು ಒಣಗಲು ಬಿಡು, ಒಗೆಯಬೇಡ, ಮುಂದಿನ ವಾರ ಅದೇ ದಿನ ಮತ್ತೆ ಹಾಕು. ದಾರ ಸಡಿಲಾದರೆ, ಒದ್ದೆಯಾದರೆ, ಕೊಳೆಯಾದರೆ ಎಸೆದುಬಿಡು. ಶನಿವಾರಕ್ಕೆ ಆರನೆಯದು ಸಿಗಲಿಲ್ಲ, ಅದೊಂದನ್ನು ನಿಮ್ಮ ಅಂಗಡಿಯಲ್ಲೇ ತಗೋ, ದುಡ್ಡು ನಾನು ಕಳಿಸ್ತೀನಿ.

ನಿನ್ನ
ದೊಡ್ಡಮ್ಮ