ಈ ವಾರ ಮೆಚ್ಚಿನ ತರಕಾರಿ: ಸದಸ್ಯರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ನಿಮ್ಮ ಮೆಚ್ಚಿನ ಒಂದು ತರಕಾರಿ, ಅದನ್ನು ಮನೆಯಲ್ಲಿ ಸುಲಭವಾಗಿ ಮಾಡುವ ಬಗೆ, ಎರಡನ್ನೂ ಭಾನುವಾರ ಸಂಜೆಯೊಳಗೆ ಬರೆಯಿರಿ. ಹೋಟೆಲ್ ಗ್ರೇವಿ ಬೇಡ. ನಮ್ಮ ಕೋಲಾರದ ಸಂತೆಯಲ್ಲಿ ಸಿಗುವುದೇ ಇರಲಿ.

ನನ್ನದು ಅವರೆಕಾಯಿ. ಅದರಲ್ಲೂ ಚಳಿ ಬಿದ್ದ ಮೇಲೆ ಬರುವ, ಬಿಡಿಸಿದರೆ ಬೆರಳಿಗೆ ಜಿಡ್ಡು ಅಂಟಿ ಘಮ್ಮೆನ್ನುವ ಸೊಗಡಿನ ಕಾಯಿ. ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಹೆಬ್ಬೆರಳು, ತೋರುಬೆರಳಿನ ನಡುವೆ ಹಿತುಕಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಹೊರಗೆ ಚಿಮ್ಮುತ್ತದೆ. (ಟಿವಿ ಮುಂದೆ ಕುಳಿತವರ ಮಡಿಲಿಗೆ ಪಾತ್ರೆ ಇಟ್ಟುಬಿಡಿ, ಕೆಲಸ ಬೇಗ ಮುಗಿಯುತ್ತದೆ.) ಸಾಸಿವೆ, ಕರಿಬೇವು, ಈರುಳ್ಳಿಯ ಒಗ್ಗರಣೆಯಲ್ಲಿ ಬೇಳೆಯನ್ನು ಬಾಡಿಸಿ, ನೀರು ಹಾಕಿ ಬೇಯಿಸಿ. ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ತೆಂಗಿನತುರಿ ರುಬ್ಬಿ ಸೇರಿಸಿ, ಉಪ್ಪು ಹಾಕಿ ಕುದಿಸಿದರೆ ಸಾರು ಸಿದ್ಧ. ಕುಕ್ಕರ್ ಮುಟ್ಟಬೇಡಿ, ಒಂದು ಸೀಟಿ ಹೆಚ್ಚಾದರೂ ಬೇಳೆ ಕರಗಿಹೋಗುತ್ತದೆ. ಜೊತೆಗೆ ರಾಗಿಮುದ್ದೆ, ಅನ್ನವೂ ಆದೀತು, ಆದರೆ ನಾನು ಒಪ್ಪುವುದಿಲ್ಲ.

ಬಸ್ಸಾರು ಬರೆಯುವವರಿಗೆ ಒಂದು ಮಾತು. ಸೊಪ್ಪು, ಬೇಳೆ ಬೇಯಿಸಿ ಬಸಿದ ಕಟ್ಟನ್ನು ಚೆಲ್ಲಬಾರದೆಂದು ಹೊಸಬರಿಗೆ ಬಿಡಿಸಿ ಹೇಳಿ. ಕಟ್ಟಿನಿಂದ ಸಾರು, ಉಳಿದದ್ದರಿಂದ ಪಲ್ಯ.

ಬೇರೆಡೆಯಿಂದ ಬಂದ ವಿಡಿಯೊಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಹಾಗಲಕಾಯಿಯೇ ಮೆಚ್ಚಿನದು ಎನ್ನುವವರು ಮಾತ್ರ ಖಾಲಿಯಾದ ತಟ್ಟೆಯ ಫೋಟೊ ಸಮೇತ ಕಳುಹಿಸಬೇಕು.