ಎದುರಿಗಿದ್ದೂ ಇಲ್ಲದವರ ಹಾಡುಗಳಿಗೆ ಒಂದು ವಂದನೆ

ಕಳೆದ ವಾರ ಅಪ್ಪನ ವರ್ಷಾಂತಿಕ ಮುಗಿಯಿತು. ಮರೆವಿನ ಕಾಯಿಲೆಯಿಂದ ಆರು ವರ್ಷ ಬಳಲಿದ ಅವರನ್ನು ರಾತ್ರಿ ಪಾಳಿಯಲ್ಲಿ ನೋಡಿಕೊಂಡ ನರ್ಸಮ್ಮನಿಗೆ, ನನಗೆ ಒಂದಿಷ್ಟು ನಿದ್ದೆ ಸಿಗಲೆಂದೇ ಪ್ರತಿ ಶನಿವಾರ ಬಸ್ಸು ಹತ್ತಿ ಬರುತ್ತಿದ್ದ ಅತ್ತಿಗೆಗೆ, ದಾರಿ ತಪ್ಪಿದ ಅಪ್ಪನನ್ನು ಎರಡು ಸಲ ಕೈಹಿಡಿದು ಮನೆ ಮುಟ್ಟಿಸಿದ ನಮ್ಮ ಬೀದಿಯ ಹೂವಿನವರಿಗೆ ನಾನು ಎಂದೆಂದಿಗೂ ಋಣಿ. ಇವರ ಸಾಲಿನಲ್ಲಿಯೇ ನಿಲ್ಲಿಸಿ ನೆನೆಯಬೇಕಾದ ಇನ್ನೊಂದು ಉಪಕಾರವಿದೆ. ಅದು ಇಂಗ್ಲೆಂಡಿನ ರಾಕ್ ಸಂಗೀತ ತಂಡವಾದ ಪಿಂಕ್ ಫ್ಲಾಯ್ಡ್‌ನವರು 1975ರ ಸೆಪ್ಟೆಂಬರ್‌ನಲ್ಲಿ ಹೊರತಂದ 'ವಿಶ್ ಯು ವರ್ ಹಿಯರ್' (ನೀನಿಲ್ಲಿ ಇರಬೇಕಿತ್ತು) ಎಂಬ ಆಲ್ಬಂ.

ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್ಟಿನಲ್ಲಿ ಇದನ್ನು ಮೊದಲು ಕೇಳಿದಾಗ ನನಗೆ ಹಿಡಿಸಿದ್ದು ಗಿಟಾರ್ ಮಾತ್ರ. ಇದು ಯಾರ ಕುರಿತ ಹಾಡು ಎಂಬುದು ಅರ್ಥವಾದದ್ದು ಅಪ್ಪ ನನ್ನನ್ನು ಮರೆತ ಮೇಲೆ. ತಂಡವನ್ನು ಆರಂಭದಲ್ಲಿ ಮುನ್ನಡೆಸಿದ ಸಿಡ್ ಬ್ಯಾರೆಟ್ ಮಾನಸಿಕವಾಗಿ ಕುಸಿದು 1968ರಲ್ಲಿ ತಂಡದಿಂದ ದೂರವಾದರು. ಏಳು ವರ್ಷಗಳ ನಂತರ, 1975ರ ಜೂನ್ 5ರಂದು, ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಅವರನ್ನೇ ಕುರಿತ 'ಶೈನ್ ಆನ್ ಯು ಕ್ರೇಜಿ ಡೈಮಂಡ್' ಹಾಡಿನ ಕೆಲಸ ನಡೆಯುತ್ತಿದ್ದಾಗ, ಮೈ ದಪ್ಪವಾಗಿ, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡಿದ್ದ ಒಬ್ಬರು ಒಳಗೆ ಬಂದರು. ಅದು ಸಿಡ್ ಎಂದು ಹಳೆಯ ಗೆಳೆಯರಿಗೇ ತಕ್ಷಣ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಇದು ತಿರುವುಮುರುವಾಗಿತ್ತು. ಒಂದು ಬೆಳಿಗ್ಗೆ ಕಾಫಿ ಕೊಡಲು ಹೋದ ನನ್ನನ್ನು ಅಪ್ಪ ಬಹಳ ಮರ್ಯಾದೆಯಿಂದ, "ತಾವು ಯಾರ ಪೈಕಿ?" ಎಂದು ಕೇಳಿದರು.

ಅಂದು ರಾತ್ರಿ ಈ ಆಲ್ಬಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಮೊದಲಿಗೇ ಬರುವ 'ಶೈನ್ ಆನ್ ಯು ಕ್ರೇಜಿ ಡೈಮಂಡ್'ನಲ್ಲಿ ತಂಡದ ಡೇವಿಡ್ ಗಿಲ್ಮೋರ್ ಅವರ ಗಿಟಾರಿನ ಹೆಸರಾದ ನಾಲ್ಕು ಸ್ವರಗಳು ಬರಲು ಸುಮಾರು ನಾಲ್ಕು ನಿಮಿಷ ಕಾಯಬೇಕು. ಹಾಡುವ ದನಿ ಕೇಳಿಸುವುದು ಎಂಟು ನಿಮಿಷ ದಾಟಿದ ಮೇಲೆ. ಆ ಸಾವಧಾನವೇ ಅಂದು ನನಗೆ ಬೇಕಾಗಿತ್ತು. ಒಂಬತ್ತು ಭಾಗಗಳ ಈ ದೀರ್ಘ ಕೃತಿಯನ್ನು ಎರಡಾಗಿ ಸೀಳಿ ಆರಂಭದಲ್ಲೊಂದು, ಕೊನೆಯಲ್ಲೊಂದು ಇರಿಸಬೇಕೆಂಬುದು ತಂಡದ ಇನ್ನೊಬ್ಬ ಸದಸ್ಯ ರೋಜರ್ ವಾಟರ್ಸ್ ಅವರ ಹಟ. ಗಿಲ್ಮೋರ್ ಅದನ್ನು ಒಪ್ಪಿರಲಿಲ್ಲ. ಗಿಲ್ಮೋರ್ ಅವರ ಗಿಟಾರನ್ನು ಎಷ್ಟೇ ಪ್ರೀತಿಸಿದರೂ ಈ ವಿಷಯದಲ್ಲಿ ನಾನು ವಾಟರ್ಸ್ ಪಕ್ಷ. ಇಲ್ಲದವರ ನೆನಪು ಸಂಸಾರದ ಗದ್ದಲದ ನಡುವೆ ಅಡಗಿದ್ದು ಮತ್ತೆ ಮೇಲೇಳುವುದು ಹಾಗೆಯೇ. ನಡುವಿನ ಮೂರು ಹಾಡುಗಳ ಪೈಕಿ, ಸಂಗೀತದ ವ್ಯಾಪಾರದ ಮೇಲೆ ಸಿಟ್ಟು ತೀರಿಸಿಕೊಳ್ಳುವ, ರಾಯ್ ಹಾರ್ಪರ್ ಹಾಡಿದ 'ಹ್ಯಾವ್ ಎ ಸಿಗಾರ್' ಇಂದಿಗೂ ನನ್ನ ಮನಸ್ಸಿಗೆ ಅಷ್ಟು ಹತ್ತಿರವಾಗಿಲ್ಲ. ಆಲ್ಬಮಿನ ಹೆಸರನ್ನೇ ಹೊತ್ತ ಹಾಡಿನಲ್ಲಿ ಒಂದು ಗಿಟಾರ್ ಹಳೆಯ ರೇಡಿಯೋದೊಳಗಿನಿಂದ ಬಂದಂತೆ ಕ್ಷೀಣವಾಗಿ ಕೇಳಿಸುತ್ತದೆ. ಆಮೇಲೆ ಅದೇ ಕೋಣೆಯಲ್ಲಿ ಕುಳಿತವರೊಬ್ಬರು ನುಡಿಸಿದಂತೆ ಇನ್ನೊಂದು ಗಿಟಾರ್ ಬಂದು ಜೊತೆಗೂಡುತ್ತದೆ. ಅಪ್ಪನ ಜೊತೆ ಹೇಗೆ ಇರಬೇಕೆಂಬುದನ್ನು ನಾನು ಅಲ್ಲಿಂದ ಕಲಿತೆ. ನಾನು ಯಾರೆಂದು ಅವರಿಗೆ ನೆನಪು ಮಾಡಿಕೊಡುವ ಒತ್ತಾಯವನ್ನು ಬಿಟ್ಟು, ಅವರು ಗುನುಗುತ್ತಿದ್ದ ದಾಸರ ಪದಕ್ಕೆ ಪಕ್ಕದಲ್ಲಿ ಕುಳಿತು ದನಿಗೂಡಿಸತೊಡಗಿದೆ.

ಆಲ್ಬಂ ಮುಗಿಯುವ ಹೊತ್ತಿಗೆ, ಎಲ್ಲವೂ ಕ್ಷೀಣಿಸುತ್ತಿರುವಾಗ, ತಂಡದ ರಿಚರ್ಡ್ ರೈಟ್ ತಮ್ಮ ಕೀಬೋರ್ಡಿನಲ್ಲಿ ಸಿಡ್ 1967ರಲ್ಲಿ ಬರೆದಿದ್ದ ಹಾಡೊಂದರ ಧಾಟಿಯನ್ನು ಮೆಲ್ಲನೆ ನುಡಿಸಿಬಿಡುತ್ತಾರೆ. ಕಿವಿಗೊಟ್ಟು ಕೇಳದಿದ್ದರೆ ಅದು ತಪ್ಪಿಯೇ ಹೋಗುತ್ತದೆ. 2008ರಲ್ಲಿ ತೀರಿಕೊಂಡ ರೈಟ್ ಅವರಿಗೆ ಈ ವಂದನೆ ತಲುಪಲಾರದು. ಆದರೂ ಆ ಕೆಲವು ಸ್ವರಗಳಿಗಾಗಿ ಅವರಿಗೆ, ಮತ್ತು ಇಪ್ಪತ್ತೈದು ವರ್ಷಗಳ ಹಿಂದೆ ಆ ಕ್ಯಾಸೆಟ್ಟನ್ನು ವಾಪಸ್ಸು ಕೇಳದೆ ನನ್ನ ಬಳಿಯೇ ಬಿಟ್ಟುಹೋದ ಗೆಳೆಯನಿಗೆ, ನನ್ನ ಮನಃಪೂರ್ವಕ ನಮಸ್ಕಾರಗಳು.